ಬೋಳುಗುಡ್ಡದ ಕೆಳಗಿನ ಹಸಿರು

ಕೌಟೊಕೈನೊ,
ಆಗಸ್ಟ್ ೨೯

ಪ್ರೀತಿಯ ಅಣ್ಣ ಮಿಹ್ಕಾಲ್‌ಗೆ,

ನಿನ್ನ ತಂಗಿ ಸುನ್ನಾಳ ನೆನಪುಗಳು. ಹಮ್ಮರ್‌ಫೆಸ್ಟ್‌ನಿಂದ ನೀನು ಕಳಿಸಿದ ಒಣಮೀನು ಜೂನ್‌ನಲ್ಲೇ ಬಂತು, ತಿಂದು ಮುಗಿದೂ ಹೋಯಿತು. ತಲುಪಿತೆಂದು ಬರೆಯುವುದಕ್ಕೆ ಮಾತ್ರ ಇಷ್ಟು ದಿನ ಹಿಡಿಯಿತು, ಬೈದುಕೋ. ಒಂದು ವಿಷಯ ಗಟ್ಟಿಯಾಗದೆ ನಿನಗೆ ಬರೆಯಬಾರದೆಂದು ಕಾದಿದ್ದೆ. ಅಮ್ಮ ಚೆನ್ನಾಗಿದ್ದಾಳೆ. ಮಂಡಿ ನೋಯುತ್ತದೆ, ಬಾಯಿಗೆ ಏನೂ ಆಗಿಲ್ಲ.

ಬೋಳುಗುಡ್ಡದ ಕೆಳಗಿನ ತಗ್ಗಿಗೆ ಹೋಗಿದ್ದೆ. ಹೌದು, ಅಲ್ಲಿಗೇ. ನಮ್ಮ ಹಿಮಸಾರಂಗಗಳೆಲ್ಲ ಸತ್ತ ಆ ಚಳಿಗಾಲದ ನಂತರ ಮನೆಯವರು ಯಾರೂ ಅತ್ತ ಕಾಲಿಟ್ಟಿರಲಿಲ್ಲ. ನನ್ನ ಕೆಲಸ ನಿನಗೆ ಗೊತ್ತೇ ಇದೆ: ಟಂಡ್ರಾದ ಮಣ್ಣು ಅಗೆಯುವುದು, ಅದರೊಳಗಿನ ಸೂಕ್ಷ್ಮಜೀವಿಗಳು ಏನು ಮಾಡುತ್ತಿವೆಯೆಂದು ನೋಡುವುದು. ಮೇಲಿನಿಂದ ಇಣುಕಿದರೆ ಸುತ್ತಲೂ ಕಂದು ಪಾಚಿ, ಗಿಡ್ಡ ಬರ್ಚ್ ಪೊದೆ. ಆ ತಗ್ಗು ಮಾತ್ರ ಕಣ್ಣು ಕುಕ್ಕುವಷ್ಟು ಹಸಿರು. ಅದೇಕೆ ಎಂದು ತಲೆಗೆ ಹೊಕ್ಕಿದ್ದು ಹೊರಗೆ ಹೋಗಲೇ ಇಲ್ಲ.

ತಾನೂ ಬರುತ್ತೇನೆಂದು ಅಮ್ಮ ಹಟ ಹಿಡಿದಳು. ಪಕ್ಕದ ಮನೆಯ ಅಸ್ಲಾಕ್ ಮಾವ ತನ್ನ ನಾಲ್ಕು ಚಕ್ರದ ಬೈಕಿನ ಹಿಂದೆ ಕೂರಿಸಿಕೊಂಡು ಕರೆತಂದ.

"ಅಗೆದು ಅಗೆದು ನರಿ ಆಗ್ಬಿಟ್ಟಿದ್ದೀಯ ಕಣೇ," ಎಂದಳು ನನ್ನ ಗುಂಡಿ ನೋಡಿ.

"ಸತ್ತ ಹಿಂಡಿನ ಗೊಬ್ಬರ ಇದು, ಇದ್ರಲ್ಲಿ ಓದೋದೇನಿದೆ?" ಎಂದ ಮಾವ. "ನಿಮ್ಮಣ್ಣ ಎಲ್ಲಾ ಬಿಟ್ಟು ಹಿಂಡನ್ನ ಈ ತಗ್ಗಿಗೇ ತಂದು ಕೂಡಿಹಾಕಿದ್ನಲ್ಲ!"

ಅಮ್ಮ ತಿರುಗಿದಳು. "ನಿನ್ ಹಿಂಡು ಗುಡ್ಡದ ನೆತ್ತೀಲಿ ಸತ್ತಿತಲ್ಲೋ. ಅಲ್ಲೇನ್ ಬೆಳೆದಿದೆ, ಹೇಳು?"

ಮಾವ ಬೈಕಿನ ಚಕ್ರಕ್ಕೆ ಅಂಟಿದ ಮಣ್ಣು ಕೆರೆಯತೊಡಗಿದ. ನನಗೂ ಅಮ್ಮನ ಆ ಪ್ರಶ್ನೆಯೇ ಹಿಡಿದುಕೊಂಡಿತು. ಮರುದಿನವೇ ನೆತ್ತಿಗೆ ಹತ್ತಿದೆ. ಎಲುಬುಗಳ ಸುತ್ತ ಒಂದೊಂದು ಅಂಗೈಯಗಲ ಹುಲ್ಲು, ಅಷ್ಟೆ. ಮಿಕ್ಕಿದ್ದೆಲ್ಲ ಪಾಚಿಯೇ. ಹಾಗಾದರೆ ಕೆಳಗಿನ ಹಸಿರು ನಮ್ಮ ಹಿಂಡಿನದಲ್ಲ, ಅದಕ್ಕಿಂತ ಹಳೆಯದು.

ಇನ್ನೂ ಆಳಕ್ಕೆ ಅಗೆದೆ ಅಣ್ಣ. ಹಳೆಯ ಗೊಬ್ಬರದ ಕಪ್ಪು ಮಣ್ಣು ಸಿಕ್ಕಿತು, ಅದರಡಿ ವೃತ್ತವಾಗಿ ಜೋಡಿಸಿದ ಒಲೆಗಲ್ಲುಗಳು, ಬರ್ಚ್ ಮರದ ಇದ್ದಿಲು. ಇದ್ದಿಲಿನ ವಯಸ್ಸು ಪ್ರಯೋಗಾಲಯದಿಂದ ಹೋದ ವಾರ ತಿಳಿಯಿತು, ಒಂದು ಶತಮಾನಕ್ಕೂ ಹಿಂದಿನದು. ಮುತ್ತಜ್ಜಿಯರು ಹಿಮಸಾರಂಗಗಳನ್ನು ಕೂಡಿಹಾಕಿ ಹಾಲು ಕರೆಯುತ್ತಿದ್ದ ಜಾಗ ಅದು!

ನನಗೆ ಇನ್ನೂ ಬೆರಗು ಹೋಗಿಲ್ಲ. ನಮ್ಮ ನೆಲದಲ್ಲಿ ಸಾರಜನಕಕ್ಕೆ ಬರವಿಲ್ಲ, ಆದರೆ ಕೊಳೆಯದ ಪಾಚಿಯಲ್ಲಿ ಬಂದಿಯಾಗಿರುತ್ತದೆ. ಆ ಕಾಲದ ಸಗಣಿ, ಗಂಜಲ ಬಿದ್ದಲ್ಲಿ ಪಾಚಿ ಸೋತು ಹುಲ್ಲು ಬಂತು. ಹುಲ್ಲು ಬೇಗ ಕೊಳೆಯುತ್ತದೆ. ಸೂಕ್ಷ್ಮಜೀವಿಗಳು ಅದನ್ನು ತಿಂದು, ಸಾರಜನಕವನ್ನು ಮತ್ತೆ ಬೇರಿನ ಕೈಗಿಡುತ್ತವೆ. ಚಳಿಗಾಲದಲ್ಲೂ ಅವು ಸುಮ್ಮನಿರುವುದಿಲ್ಲ. ಹಿಮದಡಿ, ಮಣ್ಣಿನ ಕಣಕ್ಕೆ ಅಂಟಿದ ಕೂದಲೆಳೆಗಿಂತ ತೆಳುವಾದ ನೀರಿನ ಪದರದಲ್ಲಿ ಮೇಯುತ್ತಲೇ ಇರುತ್ತವೆ. ಹಿಮ ಕರಗುವಾಗ ಲೆಕ್ಕವಿಲ್ಲದಷ್ಟು ಸಾಯುತ್ತವೆ, ಆಗ ಅವುಗಳೊಳಗಿನ ಸಾರಜನಕ ನೆಲಕ್ಕೆ ಇಳಿಯುತ್ತದೆ. ಹಾಲು ಕರೆದವರು ಹೋಗಿ ಎಷ್ಟೋ ತಲೆಮಾರು ಕಳೆದರೂ ಈ ಸುತ್ತು ನಿಂತಿಲ್ಲ.

ಅಂದರೆ ಆ ಸೀಮೆಯಲ್ಲೇ ಸೊಂಪಾದ ಹುಲ್ಲಿನ ಜಾಗಕ್ಕೆ ನಮ್ಮ ಹಿಂಡು ಹೋಗಿತ್ತು. ಆ ಚಳಿಗಾಲ ಹಿಮದ ಮೇಲೆ ಮಳೆ ಸುರಿದು ಗಾಜಾದಾಗ, ಅಡಿಯ ಮೇವಿಗಾಗಿ ಕೆರೆದ ಯಾವ ಗೊರಸಿಗೂ ಅದು ಒಡೆಯಲಿಲ್ಲ, ತಗ್ಗಲ್ಲೂ ಇಲ್ಲ, ನೆತ್ತಿಯಲ್ಲೂ ಇಲ್ಲ. ಇದನ್ನು ಅಸ್ಲಾಕ್ ಮಾವನಿಗೆ ಹೇಳಿದೆ. ಕಾಫಿಯಲ್ಲಿ ಚೀಸ್ ತುಂಡು ಮುಳುಗಿಸಿದ. "ಊರೆಲ್ಲಾ ನಿಮ್ಮಣ್ಣನ್ನ ಆಡ್ಕೊಂಡ್ವಿ. ನಾನೇ ಮೊದಲು ಶುರು ಮಾಡಿದ್ದು," ಎಂದ. "ನೀನು ಬರೀಬೇಡ. ನಾನೇ ಹೋಗಿ ಹೇಳ್ತೀನಿ." ತಡೆಯಲಾಗದೆ ಬರೆದೆ. ಬಂದರೆ ಬಾಗಿಲು ತೆಗೆ.

ಕಡಲ ಗಾಳಿ ನಿನ್ನ ಎದೆಗೆ ಹತ್ತದಿರಲಿ. ದೇವರು ನಿನ್ನನ್ನು ಬೆಚ್ಚಗಿಡಲಿ ಎಂದು ಅಮ್ಮ ಹರಸಿದ್ದಾಳೆ.

ನಿನ್ನ
ಸುನ್ನಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಗುಂಡಿಯ ಅಂಚಿನಲ್ಲಿ ಕೂತು ಅಮ್ಮ ಹೇಳಿದಳು, ನೆತ್ತಿಗೆ ಹೋಗೋಣವೆಂದು ನೀನು ಕೇಳಿಕೊಂಡೆಯಂತೆ, ಹಿಂಡನ್ನು ತಗ್ಗಿಗೇ ಹೊಡಿ ಎಂದವನು ಅಪ್ಪನಂತೆ. ಊರು ನಿನ್ನನ್ನು ಆಡಿಕೊಂಡಾಗ ಅಪ್ಪ ತುಟಿ ಬಿಚ್ಚಲಿಲ್ಲ, ನೀನೂ ಬಿಚ್ಚಲಿಲ್ಲ. ಅಪ್ಪನನ್ನು ಮಣ್ಣು ಮಾಡಿದ ದಿನವೂ ಚರ್ಚಿನ ಬಾಗಿಲವರೆಗೆ ಬಂದು ಹಾಗೇ ಹೊರಟುಹೋದೆ. ನಿನಗೆ ಹೇಗೆ ಗೊತ್ತು ಎಂದು ಅಮ್ಮನನ್ನು ಕೇಳಿದೆ. ಅವಳು ಒಂದು ಹಿಡಿ ಹುಲ್ಲು ಕಿತ್ತಳು. "ಅವತ್ತು ಒಲೆ ಹತ್ರಾನೇ ಇದ್ದೆ ಕಣೇ. ಎಲ್ಲಾ ಕೇಳಿಸ್ಕೊಂಡಿದ್ದೆ. ಅವನಿಗೆ ಬರಿ, ಅಮ್ಮಂಗೆ ಗೊತ್ತಿತ್ತು, ಆದ್ರೂ ಸುಮ್ನಿದ್ಲು ಅಂತ ಬರಿ."