ಎರಡು ಬೆರಳಗಲದ ತಗಡು

ಜೂನ್ ೧೪, ಗುರುವಾರ

ಎಂಜಿನ್ನಿನ ಮೂರನೇ ಸಿಲಿಂಡರಿನ ಬಿಸಿ ತೋರಿಸುವ ಮುಳ್ಳು ಇನ್ನೂ ಕಣ್ಣ ಮುಂದೆಯೇ ಇದೆ. ಬೆಳಿಗ್ಗೆ ವಿಮಾನ ಮೇಲೇರುವಾಗ ಅದು ನಾನೂರ ಅರವತ್ತು ಡಿಗ್ರಿಯ ಅಪಾಯದ ಗೆರೆ ದಾಟಿತು. ಪಕ್ಕದಲ್ಲಿ ವರ್ನಾ, ಒಂಬತ್ತು ವರ್ಷ ನಮ್ಮ ಗ್ಯಾರೇಜಿನಲ್ಲಿ ಈ ವಿಮಾನ ಕಟ್ಟಲು ನನ್ನೊಡನೆ ರಿವೆಟ್ ಹೊಡೆದ ಹೆಂಡತಿ.

“ಮೀಟರ್ ಕೆಟ್ಟಿದೆ ಕಣೇ” ಎಂದೆ. ಕ್ಯಾನ್ಸಸ್ಸಿನ ಗೋಧಿ ಹೊಲಗಳ ಮೇಲೆ ಹಾದು ರನ್‌ವೇಗೆ ಇಳಿದೆವು.

ಮೀಟರ್ ಕೆಟ್ಟಿರಲಿಲ್ಲ. “ನಿಂದು ವಿಮಾನ ಅಲ್ಲಪ್ಪಾ, ಹಾರಲಾರದ ಟರ್ಕಿ ಕೋಳಿ” ಎಂದು ನನ್ನ ಎದುರಾಳಿ ಪೈಲಟ್ ಗಾರ್ಲಂಡ್ ಹೋದ ವಾರ ಎಲ್ಲರೆದುರು ನಕ್ಕಿದ್ದ. ಶನಿವಾರದ ವಿಮಾನಗಳ ವೇಗದ ಪಂದ್ಯದಲ್ಲಿ ಅವನನ್ನು ಸೋಲಿಸಲೆಂದು, ಎಂಜಿನ್ನಿನ ಬಿಸಿಗಾಳಿ ಹೊರಹೋಗುವ ಬಾಯಿಗೆ ಎರಡು ಬೆರಳಗಲದ ತಗಡು ಕೂರಿಸಿ ಕಿರಿದು ಮಾಡಿದ್ದೆ. ಗಾಳಿಯ ಎಳೆತ ತಗ್ಗಿ ವೇಗ ಹೆಚ್ಚಿತ್ತು; ಬಿಸಿ ಮಾತ್ರ ಒಳಗೇ ಉಳಿದಿತ್ತು. ಪ್ರತಿ ಬದಲಾವಣೆಯನ್ನೂ ಬರೆದಿಡುವ ವಿಮಾನದ ಪುಸ್ತಕದಲ್ಲಿ ಇದೊಂದನ್ನು ಬರೆಯಲಿಲ್ಲ.

ಮಧ್ಯಾಹ್ನ ವರ್ನಾ ಎಂಜಿನ್ ಮುಚ್ಚಳದೊಳಗೆ ದೀಪವಿಟ್ಟು, ಮೇಲೆ ಕೌದಿ ಹೊದಿಸಿ, ತಾನೂ ಅದರೊಳಗೆ ತಲೆ ತೂರಿಸಿದಳು. ಬೆಳಕು ಸೋರುವ ಕಡೆ ತಂಪುಗಾಳಿಯೂ ಸೋರಿ ಎಂಜಿನ್ ಬಿಸಿಯಾಗುತ್ತದೆ. ಎಲ್ಲೂ ಸೋರಲಿಲ್ಲ. ತಗಡು ಕಂಡಿತು.

“ಎಷ್ಟು ಸ್ಪೀಡ್ ಸಿಕ್ತು?”

“ಗಂಟೆಗೆ ನಾಲ್ಕು ಮೈಲಿ.”

“ಅದನ್ನ ನನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡೇ ನೋಡ್ಬೇಕಿತ್ತಾ, ಮಾರಾಯ?”

ರಿವೆಟ್ ಕೊರೆದು ತಗಡನ್ನು ತಾನೇ ಕಿತ್ತಳು. ಈಗ ಮಲಗಿದ್ದಾಳೆ. ನನ್ನ ಕಾಫಿ ಲೋಟದ ಪಕ್ಕ ವಿಮಾನದ ಪುಸ್ತಕ ತೆರೆದಿದೆ. ಅವಳ ಕೈಬರಹದಲ್ಲಿ: ‘ತಗಡು ತೆಗೆಯಲಾಯಿತು. ಹಾಕಿದ್ದಕ್ಕೆ ಕಾರಣ:’

ಮುಂದಿನ ಸಾಲನ್ನು ನನಗೆ ಬಿಟ್ಟಿದ್ದಾಳೆ. ಅರ್ಧ ಗಂಟೆಯಿಂದ ಅದೊಂದನ್ನು ಬಿಟ್ಟು ಇಷ್ಟೆಲ್ಲ ಈ ದಿನಚರಿಯಲ್ಲಿ ಬರೆಯುತ್ತಿದ್ದೇನೆ.