ನಕ್ಕವರಿಗೆ ಎರಡು ಸುತ್ತು ಹೆಚ್ಚು

ಮೊರಬ
9 ಮಾರ್ಚ್ 2025

ಮಗಳೇ ಸುಧಾರಾಣಿ,

ನಿನಗೂ ಅಳಿಯಂದಿರಿಗೂ ನನ್ನ ಮೊಮ್ಮಗಳು ಸೀಮವ್ವನಿಗೂ ಅಪ್ಪನ ಆಶೀರ್ವಾದ. ನೀನು ಫೋನ್ ಮಾಡಿ ಇಪ್ಪತ್ತು ದಿನವಾದವು. "ನಾಳೆ ಹೇಳ್ತೇನಿ ಮಗಳ" ಎಂದವನು ಇವತ್ತಿನವರೆಗೂ ಸುಮ್ಮನಿದ್ದೆ, ಸಿಟ್ಟಾಗಬೇಡ. ಫೋನಿನಲ್ಲಿ ನನ್ನ ಬಾಯಿಂದ ಬರೀ ಆರ್ಡರ್ ಹೊರಡುತ್ತದೆ. ಮೂವತ್ತೆರಡು ವರ್ಷ ಪಿ.ಟಿ. ಮಾಸ್ತರನಾಗಿ ಸೀಟಿ ಊದಿದ ಬಾಯಿ ಇದು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಇಲ್ಲಿ ಕಡಲೆ ಒಕ್ಕಣೆ ಮುಗಿಯಿತು. ನಿನ್ನ ಅವ್ವನ ಮೊಣಕಾಲು ಅಷ್ಟಕ್ಕಷ್ಟೇ, ಬಾಯಿ ಮಾತ್ರ ಗಟ್ಟಿ. ದಿನಾ ನನ್ನ ಬೆನ್ನು ಹತ್ತಿದ್ದಾಳೆ: "ಮಗಳು ಕರದಾಳ, ಹೋಗಿ ಮೊಮ್ಮಗಳಿಗೆ ಒಂದ್ ತಿಂಗಳ ಓಡೂದು ಕಲಿಸಾಕ ಏನ್ ಧಾಡಿ ನಿಮಗ?" ಅವಳಿಗೆ ದಿನಕ್ಕೊಂದು ನೆವ ಹೇಳಿ ಜಾರಿಕೊಳ್ಳುತ್ತೇನೆ. ನಿನಗೆ ನಿಜ ಹೇಳುತ್ತೇನೆ.

ನಾನು ನಿಮ್ಮ ದೇವಿಕೊಪ್ಪಕ್ಕೆ ಬರುವುದಿಲ್ಲ, ಸುಧಾ.

ಕ್ರೀಡಾ ಹಾಸ್ಟೆಲ್ಲಿನ ಆಯ್ಕೆ ಮುಂದಿನ ತಿಂಗಳೇ ಇದೆ, ಗೊತ್ತು. ಸೀಮಾ ಓಟದಲ್ಲಿ ತಾಲೂಕಿಗೆ ಎರಡನೆಯವಳಾಗಿ ಬಂದದ್ದು ಕೇಳಿ ಓಣಿಗೆಲ್ಲ ಪೇಢೆ ಹಂಚಿದವನು ನಾನೇ. ಆದರೆ ಅವತ್ತು ನೀನು ಅಂದ ಮಾತು ಕಿವಿಯಿಂದ ಹೋಗುತ್ತಿಲ್ಲ. "ಅಪ್ಪಾ, ನನ್ನ ಹೆಂಗ ತಯಾರ್ ಮಾಡಿದ್ದಿ, ಇಕಿನ್ನೂ ಹಂಗ ಮಾಡು. ಓಣ್ಯಾಗ ಆಡೂದು ಬಂದ್ ಮಾಡೇನಿ." ಅಯ್ಯೋ ಮಗಳೇ, ನನ್ನದೇ ದನಿ ನಿನ್ನ ಬಾಯಲ್ಲಿ!

ನೀನು ಏಳನೆಯ ಇಯತ್ತೆಯಲ್ಲಿದ್ದಾಗಿನ ಮಳೆಗಾಲ ನೆನಪಿದೆಯೇ? ಸಾಲಿ ಹಿಂದಿನ ಎರೆ ಹೊಲದಲ್ಲಿ ನೀವು ಒಂಬತ್ತು ಹುಡುಗಿಯರು ಎರಿ ಬೂಟಿನ ಆಟ ಆಡುತ್ತಿದ್ದಿರಿ. ಬರಿಗಾಲಲ್ಲಿ ಹತ್ತು ಹೆಜ್ಜೆ ಇಟ್ಟರೆ ಸಾಕು, ಕರಿ ಮಣ್ಣು ಪದರು ಪದರಾಗಿ ಬೂಟಿನಂತೆ ಮೆತ್ತಿಕೊಂಡು ಒಂದೊಂದು ಕಾಲು ಎರಡು ಸೇರು ಭಾರ. ಆ ಭಾರ ಹೊತ್ತು ಬೇವಿನ ಗಿಡದವರೆಗೆ ಓಡಬೇಕು. ಮಣ್ಣು ಉದುರಿದವಳು ಔಟ್. ಬಿದ್ದವಳಿಗೂ ನಗು, ಓಡುವವಳಿಗೂ ನಗು. ನೀನಂತೂ ಹೊಟ್ಟೆ ಹಿಡಿದುಕೊಂಡು ಕೆಸರಲ್ಲೇ ಕೂತುಬಿಡುತ್ತಿದ್ದೆ.

ನನ್ನ ಕಣ್ಣಿಗೆ ಬಿದ್ದದ್ದು ನಿಮ್ಮ ನಗುವಲ್ಲ, ನಿಮ್ಮ ಕಾಲು. ಎರಡು ತಿಂಗಳಲ್ಲಿ ಎಷ್ಟು ಗಟ್ಟಿಯಾಗಿದ್ದವು! ಮರುದಿನವೇ ಆ ಆಟಕ್ಕೆ ಸೀಟಿ ತಂದೆ, ಗಡಿಯಾರ ತಂದೆ. ಬೆಳಿಗ್ಗೆ ಐದಕ್ಕೆ ಇಪ್ಪತ್ತು ಸುತ್ತು. ಮಳೆ ಇಲ್ಲದ ದಿನ ನಮ್ಮ ಸಾಲಿ ಜವಾನ ಶರೀಫಸಾಬನ ಕೈಯಲ್ಲಿ ನೀರು ಹೊಡೆಸಿ ಕೆಸರು ಮಾಡಿಸಿದೆ. ಮೇಲೆ ಒಂದು ಕಾನೂನು ಬೇರೆ: ನಕ್ಕವರಿಗೆ ಎರಡು ಸುತ್ತು ಹೆಚ್ಚು. ಮೊದಲ ವಾರ ಎಲ್ಲರಿಗಿಂತ ಹೆಚ್ಚು ಓಡಿದವಳು ನೀನೇ.

ಆ ವರ್ಷ ಓಟದಲ್ಲಿ ಜಿಲ್ಲೆಗೆ ಮೊದಲು ಬಂದೆವು. ನಾನು ಮೀಸೆ ತಿರುವಿದೆ. ಮರುವರ್ಷ ಒಬ್ಬಳಿಗೆ ಹೊಟ್ಟೆನೋವು, ಒಬ್ಬಳಿಗೆ ಜ್ವರ, ಮತ್ತೊಬ್ಬಳು ಅಜ್ಜಿಯ ಊರಿಗೆ. ಶರೀಫಸಾಬ ನೀರಿನ ಪೈಪು ಹಿಡಿದುಕೊಂಡೇ ಹೇಳಿದ, "ಸರ್, ಹುಡುಗ್ಯಾರು ನಗೂದು ಬಿಟ್ಟಾರ್ರಿ. ಇನ್ನ ಓಡೂದೂ ಬಿಡ್ತಾರ್ರಿ." ನಾನು, "ನೀ ಗಂಟಿ ಹೊಡಿಯೂ ಕೆಲಸ ನೋಡ್ಕೋ ಹೋಗಲೇ" ಎಂದೆ. ಎಂಟು ಮಂದಿ ಬಿಟ್ಟೇಬಿಟ್ಟರು. ನೀನು ಹೇಗೆ ಬಿಡುತ್ತೀ? ನಿನ್ನ ಮಾಸ್ತರ ನಿನ್ನ ತಾಟಿನ ಎದುರೇ ಉಣ್ಣಲು ಕೂತಿರುತ್ತಿದ್ದ. ಮತ್ತೆರಡು ವರ್ಷ ಒಬ್ಬಳೇ ಓಡಿದೆ, ಬಾಯಿ ಬಿಡದೆ. ನಿನ್ನ ಟೈಮು ಇಳಿಯುತ್ತಿತ್ತು, ಅದೊಂದನ್ನೇ ನೋಡಿದೆ. ಆಮೇಲೆ ನಿನ್ನ ಕಾಲು ಮುರಿದು ಎಲ್ಲ ನಿಂತಿತು.

ಕಲಿಸುವುದು ನನಗೆ ಗೊತ್ತಿರಲಿಲ್ಲವೆಂದು ಹೇಳಲು ಈ ವಯಸ್ಸಿನಲ್ಲಿ ನಾಚಿಕೆಯಾಗುತ್ತದೆ. ಮಕ್ಕಳು ಆಡುತ್ತಾ ತಾವೇ ಕಲಿಯುತ್ತಿದ್ದರು, ನಾನು ನಡುವೆ ಹೋಗಿ ಕೆಡಿಸಿದೆ. ಸೀಮಾಳನ್ನು ಓಣಿಗೆ ಬಿಡು. ಆಯ್ಕೆಯಾದರೆ ಆಗಲಿ, ಆಗದಿದ್ದರೆ ಹೋಗಲಿ. ಅಳಿಯಂದಿರು ಏನಾದರೂ ಅಂದರೆ, ಮಾವನಿಗೆ ಅರಳುಮರಳು ಎಂದು ಹೇಳು.

ನಿನ್ನ ಮನೆ ತಣ್ಣಗಿರಲಿ. ಸೀಮವ್ವನಿಗೆ ನೂರು ವರ್ಷ ಆಯುಷ್ಯವಾಗಲಿ.

ನಿನ್ನ ಅಪ್ಪ,
ತಿರಕಪ್ಪ

ತಾ.ಕ.: ಇದು ಮರೆತು ಕೊನೆಗೆ ಬರೆದದ್ದಲ್ಲ. ಬರೆಯುವ ಧೈರ್ಯವಿಲ್ಲದೆ ಇಲ್ಲಿಯವರೆಗೆ ತಳ್ಳಿದೆ. ಆ ಬೇಸಿಗೆ, ಓಡುವಾಗ ಎರೆ ಹೊಲದ ಬಿರುಕಿನಲ್ಲಿ ನಿನ್ನ ಕಾಲು ಸಿಕ್ಕಿತು, ನಮ್ಮ ನಸೀಬು ಕೆಟ್ಟಿತ್ತು ಎಂದು ಊರಿಗೆಲ್ಲ, ನಿನ್ನ ಅವ್ವನಿಗೂ ಹೇಳಿದ್ದೇನೆ. ನೀನೂ ಹಾಗೇ ಹೇಳಿದೆ. ಆದರೆ ನೀನು ಆಗ ಓಡುತ್ತಿರಲಿಲ್ಲ, ಸುಧಾ. ನಿಂತಿದ್ದೆ. ನಾನು ಗಡಿಯಾರ ನೋಡುತ್ತಿದ್ದೇನೆಂದುಕೊಂಡು, ಬಲಗಾಲನ್ನು ಬಿರುಕಿನೊಳಗೆ ನೀನೇ ಇಳಿಸಿ, ಮೈಯನ್ನು ಪಕ್ಕಕ್ಕೆ ಎಸೆದುಕೊಂಡೆ. ನಾನು ನೋಡಿದೆ. ಹದಿನೆಂಟು ವರ್ಷದಿಂದ ನೋಡುತ್ತಲೇ ಇದ್ದೇನೆ. ಓಡಿ ಬಂದು ಎತ್ತಿಕೊಂಡಾಗ ನೀನು ಅಳುತ್ತಿರಲಿಲ್ಲ. "ಅಪ್ಪಾ, ಇನ್ನ ನನಗ ಓಡಾಕ ಬರೂದಿಲ್ಲಲ್ಲ?" ಎಂದು ಕೇಳಿದೆ. ಎಲ್ಲ ಕಂಡಿದ್ದೂ ನಾನು, "ಮೂರ ತಿಂಗಳದಾಗ ಓಡ್ತಿ" ಎಂದೆ. ನೀನು ಅತ್ತದ್ದು ಆಗ.