ಅರವತ್ತನೆಯ ಚೆಂಡು

ತಿ. ನರಸೀಪುರ
ಶುಕ್ರವಾರ

ಬದರೀನಾರಾಯಣ ಸರ್ ಅವರಿಗೆ ನಮಸ್ಕಾರ.

ನಮ್ಮ ಬೇಸ್‌ಬಾಲ್ ಶಿಬಿರದ ಮುಖ್ಯ ತರಬೇತುದಾರರ ಹುದ್ದೆಗೆ ನೀವು ಹಾಕಿದ ಅರ್ಜಿ ನನ್ನ ಕೈಸೇರಿದೆ. ನನ್ನ ನೆನಪು ನಿಮಗಿದೆಯೋ ಇಲ್ಲವೋ. ಹನ್ನೊಂದು ವರ್ಷದ ಹಿಂದೆ ನಂಜನಗೂಡಿನ ಮೈದಾನದಲ್ಲಿ ನೀವು ದಿನಕ್ಕೆ ಇನ್ನೂರು ಚೆಂಡು ಎಸೆಯಲು ಹಚ್ಚುತ್ತಿದ್ದ ಹೆಮ್ಮಿಗೆಯ ಪಿಚರ್ ನಾನು. "ಭುಜ ನೋಯ್ತದೆ ಸಾ" ಎಂದು ಅತ್ತಿದ್ದೆ. "ನೋವು ತಡೆಯೋಕಾಗ್ದಿದ್ರೆ ಮನೇಲಿ ಮುದ್ದೆ ತಿರುವ್ಕೊಂಡಿರಮ್ಮ" ಎಂದು ಎಲ್ಲರೆದುರು ನಕ್ಕಿದ್ದಿರಿ. ರಾಜ್ಯ ತಂಡದ ಆಯ್ಕೆಗೆ ನಾಲ್ಕು ದಿನವಿರುವಾಗ ಭುಜದ ಸ್ನಾಯು ಹರಿಯಿತು. ಇವತ್ತಿಗೂ ನನಗೆ ಜಡೆ ಹಾಕುವವಳು ಅವ್ವ.

ಈ ಶಿಬಿರದಲ್ಲಿ ನನ್ನ ಹುಡುಗಿಯರು ದಿನಕ್ಕೆ ಅರವತ್ತೇ ಚೆಂಡು ಎಸೆಯುತ್ತಾರೆ, ಮಾರನೆಯ ದಿನ ಬಿಡುವು. ಹೋದ ತಿಂಗಳು ನಿಮ್ಮ ತಂಡವನ್ನು ಸೋಲಿಸಿದವರು ಇವರೇ.

ಅರ್ಜಿಯನ್ನು ನಾನು ತಳ್ಳಿಹಾಕಿಲ್ಲ. ಇಲ್ಲಿಯವರೆಗೆ ಆ ಕೆಲಸ ನೋಡಿಕೊಂಡ ನಾನೇ ಮುಖ್ಯ ತರಬೇತುದಾರಳಾಗಿ ಮುಂದುವರಿಯುತ್ತೇನೆ, ನೀವು ನನ್ನ ಕೈಕೆಳಗೆ. ಸೋಮವಾರ ಬೆಳಿಗ್ಗೆ ಆರಕ್ಕೆ ಬನ್ನಿ, ಟೋಪಿ ಮರೆಯಬೇಡಿ. ಎಸೆದ ಚೆಂಡು ಎಣಿಸುವುದಷ್ಟೇ ನಿಮ್ಮ ಕೆಲಸ. ಅರವತ್ತಾದ ಕೂಡಲೇ ಇಡೀ ಮೈದಾನಕ್ಕೆ ಕೇಳುವಂತೆ "ಸಾಕಮ್ಮ" ಎನ್ನಬೇಕು. ಆ ಮಾತನ್ನು ನಿಮ್ಮ ಬಾಯಿಂದ ದಿನಾ ಕೇಳಬೇಕೆಂದಿದ್ದೇನೆ.

ಇಂತಿ,
ನಿಮ್ಮ ಶಿಷ್ಯೆಯಾಗಿದ್ದ
ದಾಕ್ಷಾಯಿಣಿ